ಎತ್ತಿಕೊಟ್ಟ ಮನೆ

ನಮ್ಮವರು ಮೊದಲ ಸಲ ಎಂಎಲ್ಎ ಚುನಾವಣೆಗೆ ನಿಂತಾಗ ಹೊಸೂರು ಸೀಮೆಯ ಉದ್ದನಪಲ್ಲಿ ಕಡೆಯ ಒಂದು ಊರಿನಲ್ಲಿ ಎಲ್ಲ ಬಾಗಿಲಿಗೂ ಕೈ ಮುಗಿದು, ಒಂದೇ ಒಂದು ಮನೆಯನ್ನು ಬಿಟ್ಟು ಮುಂದೆ ಹೋದರು. ಬಿಟ್ಟಿದ್ದು ಯಾವುದೋ ಮೂಲೆಯ ಮನೆಯಲ್ಲ. ಬೀದಿಯ ನಡುಮಧ್ಯೆ ಇದ್ದ, ಊರಿಗೇ ದೊಡ್ಡದಾದ ತಾರಸಿ ಮನೆ. ಅಣ್ಣತಮ್ಮಂದಿರು ಬೇರೆಯಾಗದೆ ಒಟ್ಟಿಗೇ ಇದ್ದರು. ಟೊಮೇಟೊ, ಎಲೆಕೋಸು, ಹಿತ್ತಿಲ ಕಡೆ ಅರ್ಧ ಎಕರೆ ಗುಲಾಬಿ. ಮನೆಯ ಹಿರಿಯ ಹೆಂಗಸು ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ನಮ್ಮವರು ಆ ಬಾಗಿಲ ಹತ್ತಿರ ಬರುತ್ತಿದ್ದಂತೆ ತಲೆ ತಗ್ಗಿಸಿ, ಬೀದಿಯ ಆಚೆ ಬದಿಗೆ ಸರಿದು, ದಾಟಿಕೊಂಡು ಹೋಗಿಬಿಟ್ಟರು. ಹಿಂದೆ ಹೆಂಗಸರ ಗುಂಪಿನಲ್ಲಿ ಬರುತ್ತಿದ್ದ ನಾನು ನೋಡುತ್ತಲೇ ಇದ್ದೆ. ಕರ್ಪೂರ ಉರಿದು ಆರಿತು. ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯಿತು.

ಯಾಕೆ ಬಿಟ್ಟರು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೋಪ ಜಾಸ್ತಿ.

ನಾವು ಬೆಸ್ತರು. ನನ್ನ ತವರು ಬೇರಿಕೆ ಹತ್ತಿರದ ಒಂದು ಕೆರೆ ದಂಡೆ, ಗಂಡನ ಮನೆ ಇನ್ನೊಂದು ಕೆರೆ ದಂಡೆ. ಸಮುದ್ರದ ಮುಖ ನಾನು ನೋಡಿದ್ದೇ ನಮ್ಮವರು ಗೆದ್ದು ಚೆನ್ನೈಗೆ ಕರೆದುಕೊಂಡು ಹೋದ ಮೇಲೆ. ಅಲ್ಲಿಯ ಮೀನುಗಾರರು ನಮ್ಮನ್ನು ನೋಡಿ, ಕೆರೆಯಲ್ಲಿ ಮೀನು ಹಿಡಿಯುವುದೂ ಒಂದು ಕಸುಬಾ ಎಂದು ನಕ್ಕರು. ನಗಲಿ ಬಿಡಿ. ನಮ್ಮದು ಹರಿಗೋಲು, ಬೀಸುಬಲೆ, ಕಟ್ಲಾ, ರೋಹು, ಜಿಲೇಬಿ ಮೀನು. ಬೆಳಿಗ್ಗೆ ಹಿಡಿದದ್ದನ್ನು ನಾನು ಬುಟ್ಟಿಯಲ್ಲಿ ಹೊತ್ತು ಸಂತೆಯಲ್ಲಿ ಮಾರುತ್ತಿದ್ದೆ. ತೆಲುಗಿನವರಿಗೆ ತೆಲುಗಲ್ಲಿ, ತಮಿಳಿನವರಿಗೆ ತಮಿಳಲ್ಲಿ, ನಮ್ಮ ಜನಕ್ಕೆ ನಮ್ಮ ಮಾತಲ್ಲಿ ಚೌಕಾಶಿ. ಬೈಯುವುದು ಮಾತ್ರ ಯಾರಿಗಾದರೂ ಕನ್ನಡದಲ್ಲೇ.

ಮೀನಿನ ಜೊತೆಗೆ ಗಂಡನ ಮನೆಗೆ ಇನ್ನೊಂದು ಕೆಲಸ ಇತ್ತು. ಸುತ್ತಮುತ್ತ ಎಲ್ಲಾದರೂ ಯಾರಾದರೂ ಮುಳುಗಿ ಹೋದರೆ, ದೇಹ ಸಿಗದಿದ್ದರೆ, ನಮ್ಮ ಮನೆಗೆ ಕರೆ ಬರುತ್ತಿತ್ತು. ಹಿಂದೆಲ್ಲ ಸೈಕಲ್ಲಿನಲ್ಲಿ ಆಳು ಬರುತ್ತಿದ್ದನಂತೆ, ನಾನು ಬಂದ ಮೇಲೆ ಪೊಲೀಸರ ಫೋನು. ಕೆರೆ, ಬಾವಿ, ಡ್ಯಾಮು, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲು ತೆಗೆದು ಹಾಗೇ ಬಿಟ್ಟ ಕ್ವಾರಿ ಗುಂಡಿಗಳು. ನಮ್ಮ ಕಡೆ ಇಂಥ ಗುಂಡಿಗಳಿಗೆ ಬರವಿಲ್ಲ. ಮಳೆನೀರು ನಿಂತು ಹಸಿರಾಗಿ ಸುಂದರವಾಗಿ ಕಾಣುತ್ತವೆ. ಭಾನುವಾರ ರಜೆ ಎಂದು ಕಾರ್ಖಾನೆಯ ಜನ ಈಜಲು ಇಳಿಯುತ್ತಾರೆ. ದಡವೇ ಇಲ್ಲದ ನೀರು ಅದು. ಮೊದಲ ಹೆಜ್ಜೆಗೇ ನಾಲ್ಕಾಳು ಆಳ, ಕೆಳಗೆ ಬಂಡೆಯ ಸಂದುಗಳು. ಫೈರ್ ಸರ್ವಿಸ್‌ನವರು ಪಾತಾಳಗರಡಿ ಹಾಕಿ ಹಾಕಿ ಸುಸ್ತಾದ ಮೇಲೆ ನಮ್ಮವರು ಇಳಿದು, ಎರಡನೆಯದೋ ಮೂರನೆಯದೋ ಮುಳುಗಿಗೆ ತಂದುಬಿಡುತ್ತಿದ್ದರು. ಕಣ್ಣು ಕಾಣದ ಕಡೆ ಕೈಯಲ್ಲಿ ನೋಡುವ ಕೆಲಸ ಅದು. ಅವರ ಅಪ್ಪನಿಗೂ ಆ ಕೈ ಇತ್ತಂತೆ.

ಈ ಕೆಲಸಕ್ಕೆ ಒಂದು ಕಟ್ಟಳೆ. ಎತ್ತಿಕೊಟ್ಟ ಮನೆಯಿಂದ ಏನನ್ನೂ ಕೇಳಬಾರದು, ಏನನ್ನೂ ಪಡೆಯಬಾರದು. ಆವತ್ತು ಮಾತ್ರವಲ್ಲ, ಬದುಕಿರುವವರೆಗೆ. ಬಾಯಾರಿದರೂ ನೀರು ಕೇಳುವಂತಿಲ್ಲ, ದಾರಿ ತಪ್ಪಿದರೂ ದಾರಿ ಕೇಳುವಂತಿಲ್ಲ. ಗಂಡಸಿಗೆ ಮಾತ್ರವಲ್ಲ, ಅವನ ಮನೆಯವರೆಲ್ಲರಿಗೂ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಬಲೆ ಹೆಣೆಯುತ್ತಾ ನನಗೆ ಇದನ್ನು ಹೇಳಿದ್ದರು.

“ನೀರು ಸುಮ್ಕೆ ಕೊಟ್ಟೈತೆ ಕಣಮ್ಮಿ. ಅದುಕ್ಕೆ ಬದ್ಲು ನೀನೇನಾರ ಇಸ್ಕೊಂಡ್ಯೋ, ಆಮ್ಯಾಕೆ ನೀರು ನಿನ್ ಗಂಡನ ಕೈಗೆ ಏನೂ ಕೊಡಾಕಿಲ್ಲ. ಅವ್ನು ಇಳಿದೇ ಇಳೀತಾನೆ, ಬರೀ ಕೈಯಾಗೆ ಬತ್ತಾನೆ. ಒಂದೊಂದ್ ಸಲ ಅವ್ನೂ ಬರಾಕಿಲ್ಲ.”

ಆ ತಾರಸಿ ಮನೆ ಎತ್ತಿಕೊಟ್ಟ ಮನೆ. ಆರತಿ ತಟ್ಟೆ ಹಿಡಿದಿದ್ದವಳ ಎರಡನೆಯ ಮಗ, ಕಾರ್ಖಾನೆಗೆ ಹೋಗುತ್ತಿದ್ದವನು, ಗೆಳೆಯರ ಜೊತೆ ಕ್ವಾರಿಗೆ ಇಳಿದವನು ಏಳಲಿಲ್ಲ. ಒಂದೂವರೆ ದಿನವಾದ ಮೇಲೆ ನಮ್ಮವರನ್ನು ಕರೆಸಿದರು. ಮೂರನೆಯ ಸಲಕ್ಕೆ ತಂದರು. ತಾಯಿಯ ಮುಂದೆ ಮಲಗಿಸಿ, ತಮ್ಮ ಟವೆಲನ್ನೇ ಹೊದಿಸಿ, ಹಿಂತಿರುಗಿ ನೋಡದೆ ಒದ್ದೆ ಮೈಯಲ್ಲೇ ನಡೆದು ಬಂದರು. ಇಂಥ ಮನೆಗಳು ಆ ಸೀಮೆಯಲ್ಲಿ ಇನ್ನೂ ಕೆಲವು ಇದ್ದವು. ಆದರೆ ಇದು ನಾಲ್ಕು ಜನ ಮಾತು ಕೇಳುವ ಮನೆ. ಅಲ್ಲಿ ಆದದ್ದು ಎಲ್ಲ ಕಡೆ ಹರಡಿ, ಕೆರೆಯವನು, ಮೀನಿನವನು ಎಂದು ಕರೆಸಿಕೊಳ್ಳುತ್ತಿದ್ದ ಮನುಷ್ಯನನ್ನು ಜನ ಅಣ್ಣ ಎಂದು ಕರೆಯಲು ಶುರುಮಾಡಿದರು. ಮೀನುಗಾರರ ಸೊಸೈಟಿಗೆ ಅಧ್ಯಕ್ಷರನ್ನಾಗಿ ಮಾಡಿದರು. ಆಮೇಲೆ ಪಂಚಾಯಿತಿ. ಅಲ್ಲಿ ಕೆರೆಯ ತೂಬು ರಿಪೇರಿ ಮಾಡಿಸಿದರು, ರೈತರಿಗೆ ನೀರು ಬಿಟ್ಟ ಮೇಲೂ ಮೀನಿಗೆ ಮೊಳಕಾಲುದ್ದ ನೀರು ಉಳಿಯಬೇಕು ಎಂದು ಎರಡೂ ಕಡೆಯವರನ್ನು ಒಪ್ಪಿಸಿದರು. ಅಷ್ಟಕ್ಕೇ ಜನ ಇವರನ್ನು ಕೋಟೆಗೇ ಕಳಿಸೋಣ ಎಂದು ಹೊರಟರು. ಚೆನ್ನೈಯ ಸಭೆಯನ್ನು ನಮ್ಮ ಕಡೆ ಕೋಟೆ ಎನ್ನುತ್ತಾರೆ.

ಮೊದಲ ಸಲ ಯಾವ ಪಕ್ಷವೂ ಇಲ್ಲ. ಬಕೆಟ್ ಗುರುತು. ಮೀನಿನವನಿಗೆ ಬಕೆಟ್ಟು ಎಂದು ಎದುರಾಳಿಗಳು ಗೇಲಿ ಮಾಡಿದರು, ನಾವೂ ಅದನ್ನೇ ಮೈಕಿನಲ್ಲಿ ಹೇಳಿಕೊಂಡು ತಿರುಗಿದೆವು. ನಮ್ಮವರಿಗೆ ಭಾಷಣ ಬರುತ್ತಿರಲಿಲ್ಲ. ನೀರೊಳಗೆ ಎರಡು ನಿಮಿಷ ಉಸಿರು ಹಿಡಿಯುವ ಮನುಷ್ಯ ಮೈಕಿನ ಮುಂದೆ ಅರ್ಧ ನಿಮಿಷಕ್ಕೆ ಏದುಸಿರು ಬಿಡುತ್ತಿದ್ದರು. ಅದಕ್ಕೇ ಮನೆಮನೆಗೆ ನಡೆಯುವುದೇ ವಾಸಿ ಎಂದುಕೊಂಡೆವು. ನಡೆದರೆ ಈ ಕಟ್ಟಳೆ ಅಡ್ಡ ಬಂತು. ಯಾವ ಮನೆಯವರು ಇವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರೋ ಆ ಮನೆಗಳನ್ನೇ ಬಿಟ್ಟುಬಿಟ್ಟು, ಇವರ ಮುಖವನ್ನೇ ನೋಡಿರದವರಿಗೆ ಕೈ ಮುಗಿದುಕೊಂಡು ಹೋದರು.

ಸೋತರು. ಬಹಳ ಏನಲ್ಲ, ಒಂದೆರಡು ಊರು ಈ ಕಡೆ ವಾಲಿದ್ದರೆ ಆಗುತ್ತಿತ್ತು ಎನ್ನುವಷ್ಟು. ಬೂತಿನ ಲೆಕ್ಕ ತಂದು ತೋರಿಸಿದಾಗ ನಾನು ಮೊದಲು ಹುಡುಕಿದ್ದು ಆ ತಾರಸಿ ಮನೆಯ ಊರನ್ನು. ಅಲ್ಲಿ ನಮಗೆ ಬಿದ್ದದ್ದು ಬೆರಳೆಣಿಕೆ.

“ನೋಡಿದ್ರಾ? ಆರತಿ ಹಿಡ್ಕೊಂಡು ನಿಂತಿದ್ದೋಳ ಮುಖಕ್ಕೆ ಬೆನ್ನು ಮಾಡ್ಕೊಂಡು ಹೋದ್ರೆ ಯಾರ್ ಹಾಕ್ತಾರೆ ಓಟು? ಆ ಮನೆಯೋರು ಒಂದ್ ಮಾತು ಅಂದಿದ್ರೆ ಊರೆಲ್ಲ ಹಾಕ್ತಿತ್ತು,” ಎಂದು ಕೂಗಾಡಿದೆ.

“ಕೇಳಂಗಿಲ್ಲ ಅಂತ ನಿಂಗೂ ಗೊತ್ತಲ್ಲ,” ಎಂದರು ಅವರು. ಅಷ್ಟೇ ಹೇಳಿ ಹರಿಗೋಲು ತೆಗೆದುಕೊಂಡು ಕೆರೆಗೆ ಹೊರಟುಹೋದರು. ಜಗಳಕ್ಕೂ ಸಿಗದ ಗಂಡನ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಬಾಳಿದವರಿಗೇ ಗೊತ್ತು.

ಐದು ವರ್ಷ ಕಳೆದು ಮತ್ತೆ ಚುನಾವಣೆ ಬಂತು. ಈ ಸಲ ಒಂದು ಪಕ್ಷದವರೇ ಬಂದು ಟಿಕೆಟ್ ಕೊಟ್ಟರು. ಜೂಜುವಾಡಿಯ ಗಡಿಯಿಂದ ಹಿಡಿದು ಒಳಗಿನ ಹಳ್ಳಿಗಳವರೆಗೆ ಧ್ವಜ, ಪೋಸ್ಟರು. ನಮ್ಮವರ ಮುಖ ಮನೆಗಿಂತ ದೊಡ್ಡದಾಗಿ ರಸ್ತೆ ಬದಿಯಲ್ಲಿ ನಿಂತಿತ್ತು. ನಿಜ ಹೇಳುತ್ತೇನೆ, ನನಗೆ ಆಸೆಯಾಗಿತ್ತು. ಬುಟ್ಟಿ ಹೊತ್ತು ಹೋದಾಗ ಮೂಗು ಮುಚ್ಚಿಕೊಂಡವರ ಮುಂದೆ ಕಾರಿನಲ್ಲಿ ಇಳಿಯಬೇಕು ಎಂಬ ಆಸೆ. ಅದನ್ನು ಆಸೆ ಎಂದರೂ ಸರಿ, ಛಲ ಎಂದರೂ ಸರಿ.

ಪ್ರಚಾರದ ಕೊನೆಯ ವಾರ, ನಮ್ಮವರು ಬೇರಿಕೆ ಕಡೆ ಹೋಗಿದ್ದ ಒಂದು ಮಧ್ಯಾಹ್ನ, ಯಾರಿಗೂ ಹೇಳದೆ ನಾನೊಬ್ಬಳೇ ಬಸ್ಸು ಹತ್ತಿ ಆ ತಾರಸಿ ಮನೆಗೆ ಹೋದೆ.

ಆ ತಾಯಿ ನನ್ನನ್ನು ಕಂಡವಳೇ ಚಾಪೆ ಹಾಸಿದಳು. ಮಜ್ಜಿಗೆ ತಂದಳು. ನಾನು ಎಷ್ಟು ಬುದ್ಧಿವಂತೆ ನೋಡಿ, ಮಜ್ಜಿಗೆ ಬೇಡ ಎಂದೆ. ಕಟ್ಟಳೆಯಲ್ಲಿ ಅಷ್ಟನ್ನು ಉಳಿಸಿಕೊಂಡೆ. ಉಳಿದದ್ದನ್ನು ಬಾಯಿಬಿಟ್ಟು ಕೇಳಿದೆ.

“ಅಕ್ಕಾ, ಈ ಸಲ ನಿಮ್ಮನೆ ಓಟು, ನಿಮ್ಮ ಮಾತು ಕೇಳೋರ ಓಟು, ಎಲ್ಲಾ ನಮ್ಮೋರಿಗೇ ಬೀಳ್ಬೇಕು. ಆವತ್ತು ನಿಮ್ ಮಗನ್ನ ಎತ್ತಿ ತಂದಿದ್ದು ಅದೇ ಕೈ ಅಲ್ವಾ? ಆ ಕೈ ಬಿಡ್ಬ್ಯಾಡಿ.”

ಅವಳು ಮಜ್ಜಿಗೆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ನೆಲ ನೋಡಿದಳು. ಆಮೇಲೆ, “ಆಯ್ತು ಕಣಮ್ಮ,” ಎಂದಳು. ನಾನು ಆ ಆಯ್ತು ಎಂಬುದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೆದ್ದವಳಂತೆ ಬಸ್ಸು ಹತ್ತಿದೆ.

ಗೆದ್ದೂ ಗೆದ್ದೆವು. ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೃಷ್ಣಗಿರಿಯಿಂದ ಸುದ್ದಿ ಬಂತು. ಅಂಗಳದ ತುಂಬ ಪಟಾಕಿಯ ಕಾಗದ, ತಮಟೆ, ಯಾರೋ ತಂದ ಸೇಬಿನ ಹಾರ. ನಮ್ಮವರು ಹಾರ ಹಾಕಿಕೊಂಡೇ ಅತ್ತೆಯ ಕಾಲಿಗೆ ಬಿದ್ದು ಎದ್ದರು. ನನಗೆ ಆ ಹೊತ್ತಿನಲ್ಲಿ ಬಾಯಿಗೆ ಬೀಗ ಇರಲಿಲ್ಲ.

“ನಾನು ಹೋಗಿ ಕೇಳಿದ್ದುಕ್ಕೆ ಆಯ್ತು ಕಣತ್ತೆ,” ಎಂದೆ. “ಆ ದೊಡ್ಮನೆ ಅಕ್ಕನ್ನ ನಾನೇ ಹೋಗಿ ಕೇಳ್ದೆ. ಇವ್ರನ್ನ ನಂಬ್ಕೊಂಡಿದ್ರೆ ಈ ಸಲಾನೂ ಬಕೀಟೇ ಗತಿ!”

ಅತ್ತೆಯ ಕೈ ಅವರ ತಲೆಯ ಮೇಲೆ ಇನ್ನೂ ಹಾಗೇ ಇತ್ತು. ಅದನ್ನು ಮೆಲ್ಲಗೆ ತೆಗೆದರು. ನಮ್ಮವರು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಹಾರ ತೆಗೆದು ಹರಿಗೋಲಿನ ಮೇಲೆ ಇಟ್ಟು, “ಇನ್ನು ನಾನು ಇಳಿಯಂಗಿಲ್ಲ,” ಎಂದರು. ಅಂಗಳದಲ್ಲಿದ್ದವರಿಗೆ ಅದರ ಅರ್ಥ ಆಗಲಿಲ್ಲ. ಅವರು ಶಿಳ್ಳೆ ಹೊಡೆಯುತ್ತಲೇ ಇದ್ದರು.

ಆಮೇಲೆ ಜನ ಕರಗಿದ ಮೇಲೆ ಕೇಳಿದೆ, ಅಷ್ಟು ದೊಡ್ಡ ತಪ್ಪಾಗಿದ್ದರೆ ರಾಜೀನಾಮೆ ಕೊಟ್ಟುಬಿಡಿ ಎಂದು. ಕೋಪದಲ್ಲೇ ಕೇಳಿದ್ದು.

“ಆ ಮನೆಯೋರು ಒಬ್ರೇನಾ ಹಾಕಿರಾದು? ಎಷ್ಟೋ ಊರೋರು ಹಾಕವ್ರೆ. ಅವ್ರಿಗೆಲ್ಲ ಮಾತು ಕೊಟ್ಟಿದೀನಿ. ಐದು ವರ್ಷ ದುಡೀಬೇಕು,” ಎಂದರು.

ಕೇಳಿದ್ದನ್ನು ಹಿಂದಕ್ಕೆ ಪಡೆಯುವುದು ಹೇಗೆ ಎಂದು ಅತ್ತೆಯನ್ನು ಕೇಳಿದೆ. ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಕೊನೆಗೆ ಹೇಳಿದರು: “ಆ ಓಟಿನ ಮ್ಯಾಲೇ ಕುಂತವ್ನಲ್ಲ, ಹೆಂಗೆ ವಾಪಸ್ ಕೊಡ್ತೀಯ? ಅವ್ನು ಆ ಕುರ್ಚಿಯಿಂದ ಎದ್ದ ಮ್ಯಾಲೆ ನೋಡಾನ.”

ಹೀಗೆ ನಾನು ಎಂಎಲ್ಎ ಹೆಂಡತಿಯಾದೆ. ಕಾರು ಬಂತು. ಮದುವೆ ಮನೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಬಂತು. ಮೂಗು ಮುಚ್ಚಿಕೊಂಡಿದ್ದವರು ಮಲ್ಲಿಗೆ ತಂದು ಮುಡಿಸಿದರು. ಸುಳ್ಳು ಯಾಕೆ, ಮೊದಮೊದಲು ಸುಖವಾಗಿಯೇ ಇತ್ತು. ಎಲ್ಲಿ ಹೋದರೂ, ಯಾರು ಕೇಳಿದರೂ ಕೇಳದಿದ್ದರೂ, ನಾನು ಇಂಥವರ ಹೆಂಡತಿ ಎಂದು ಹೇಳಿಕೊಳ್ಳುತ್ತಿದ್ದೆ. ಹೊಸೂರಿನ ಬಟ್ಟೆ ಅಂಗಡಿಯಲ್ಲಿ ಹೇಳಿದೆ, ಆಸ್ಪತ್ರೆಯ ಸಾಲಿನಲ್ಲಿ ಹೇಳಿದೆ, ಒಮ್ಮೆ ಟೋಲ್ ಗೇಟಿನಲ್ಲಿ ಹೇಳಿ ನಮ್ಮವರ ಕೈಯಲ್ಲಿ ಬೈಸಿಕೊಂಡೆ.

ಬೆಳಿಗ್ಗೆ ಆರಕ್ಕೆಲ್ಲ ಅಂಗಳದಲ್ಲಿ ಮನು ಹಿಡಿದ ಜನ. ನಮ್ಮ ಕಡೆ ಅರ್ಜಿಗೆ ಎಲ್ಲರೂ ತಮಿಳಿನ ಹಾಗೆ ಮನು ಎಂದೇ ಹೇಳುವುದು. ಪಿಂಚಣಿ, ರೇಷನ್ ಕಾರ್ಡು, ಬಸ್ಸು ನಿಲ್ಲುವುದಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿದೆ. ಕುರ್ಚಿ ಸಾಲದೆ ಬೋರಲು ಹಾಕಿದ ಹರಿಗೋಲಿನ ಮೇಲೇ ಕೂರುತ್ತಿದ್ದರು. ಮೀನಿನ ವಾಸನೆಗೆ ಯಾರೂ ಗೊಣಗಲಿಲ್ಲ, ಕೆಲಸ ಆಗಬೇಕಾದವರ ಮೂಗು ಚೆನ್ನಾಗಿಯೇ ಇರುತ್ತದೆ. ನಮ್ಮವರು ಒಬ್ಬೊಬ್ಬರದನ್ನೂ ಓದಿ, ಆಗುವುದನ್ನು ಆಗುತ್ತದೆ, ಆಗದ್ದನ್ನು ಆಗುವುದಿಲ್ಲ ಎಂದು ಅಲ್ಲೇ ಹೇಳಿಬಿಡುತ್ತಿದ್ದರು. ಆಗುವುದಿಲ್ಲ ಎಂದು ಮುಖದ ಮೇಲೆ ಹೇಳುವ ಎಂಎಲ್ಎಯನ್ನು ಪಕ್ಷದವರು ಅದೇ ಮೊದಲು ನೋಡಿದ್ದಂತೆ.

ಕೋಟೆಯಲ್ಲಿ ಅವರು ಮಾತಾಡಿದ್ದೇ ಕಡಿಮೆ. ಮಾತಾಡಿದಾಗೆಲ್ಲ ಒಂದೇ ವಿಷಯ: ಕೆಲಸ ನಿಂತ ಕ್ವಾರಿಗಳಿಗೆ ಬೇಲಿ ಹಾಕಬೇಕು. ಮೊದಲ ಸಲ ಎದ್ದು ನಿಂತಾಗ ಹೇಳಬೇಕಾದ್ದನ್ನೆಲ್ಲ ಎರಡು ನಿಮಿಷದಲ್ಲಿ ಮುಗಿಸಿ ಕೂತರಂತೆ. ಮಿಕ್ಕ ಸಮಯ ಏನು ಮಾಡುವುದೆಂದು ಪಕ್ಕದವರಿಗೇ ಗಾಬರಿ. ಆದರೆ ಬಿಡಲಿಲ್ಲ. ಆಫೀಸಿನಿಂದ ಆಫೀಸಿಗೆ ಫೈಲಿನ ಹಿಂದೆಯೇ ನಡೆದರು. ಎರಡು ವರ್ಷಕ್ಕೆ ಒಂದಷ್ಟು ಗುಂಡಿಗಳ ಸುತ್ತ ತಂತಿ ಬಂತು, ಮೂರು ಭಾಷೆಯಲ್ಲಿ ಎಚ್ಚರಿಕೆಯ ಬೋರ್ಡು ಬಂತು. ಒಂದು ಕಡೆ ತಂತಿಯನ್ನು ಯಾರೋ ಬಿಚ್ಚಿಕೊಂಡು ಹೋಗಿ ಕುರಿ ರೊಪ್ಪಕ್ಕೆ ಕಟ್ಟಿಕೊಂಡರು. ಇವರು ಆ ಊರಿಗೇ ಹೋಗಿ ರೊಪ್ಪದ ಮುಂದೆ ಕೂತು, ತಂತಿ ವಾಪಸ್ ಹೋಗುವವರೆಗೂ ಏಳಲಿಲ್ಲ. ನೀರಿಗೆ ಇಳಿಯುವಂತಿಲ್ಲ ಎಂದಾದ ಮೇಲೆ, ನೀರಿಗೆ ಯಾರೂ ಬೀಳದ ಹಾಗೆ ಮಾಡಲು ಹಟ ತೊಟ್ಟಿದ್ದರು. ಅದು ನನಗೆ ಆಗ ಅರ್ಥವಾಗಲಿಲ್ಲ ಎಂದಲ್ಲ. ಅರ್ಥವಾಯಿತು, ಮತ್ತು ಅದನ್ನು ನೋಡಿಕೊಂಡು ಊಟ ಬಡಿಸುವುದು ಸುಲಭವಿರಲಿಲ್ಲ.

ಮೂರನೆಯ ವರ್ಷದ ಬೇಸಿಗೆಯಲ್ಲಿ, ಇನ್ನೂ ಬೇಲಿ ಬಾರದ ಒಂದು ಕ್ವಾರಿಯಲ್ಲಿ ಲಾರಿ ಓಡಿಸುತ್ತಿದ್ದ ಒಬ್ಬ ಮುಳುಗಿದ. ಎಂಎಲ್ಎ ಅಂದ ಮೇಲೆ ಹೋಗಲೇಬೇಕು. ನಮ್ಮವರು ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಹೋಗಿ ದಂಡೆಯ ಮೇಲೆ ನಿಂತರು. ನಾನೂ ಜೊತೆಗಿದ್ದೆ. ನೀರಿಗೆ ಇಳಿದವನು ನನ್ನ ಮೈದುನ. ಅವನಿಗೆ ಈಜು ಬರುತ್ತದೆ, ಧೈರ್ಯವಿದೆ, ಅಣ್ಣನ ಕೈ ಇಲ್ಲ. ಇಳಿದ, ಎದ್ದ, ಇಳಿದ, ಎದ್ದ. ಬಂಡೆಯ ಸಂದು ಎಲ್ಲಿರಬಹುದು ಎಂದು ಅಣ್ಣ ಮೇಲಿನಿಂದ ಕೈ ತೋರಿಸುತ್ತಿದ್ದರು. ಸಿಗಲಿಲ್ಲ. ಆ ಲಾರಿಯವನ ಹೆಂಡತಿ ಬಂಡೆಯ ಮೇಲೆ ಕೂತು, ಬರೀ ನಮ್ಮವರ ಮುಖವನ್ನೇ ನೋಡುತ್ತಿದ್ದಳು. ಜನ ನನಗೆ ಕೇಳಿಸುವ ಹಾಗೇ ಮಾತಾಡಿದರು.

“ಇದೇ ಮನುಷ್ಯ ಮೊದ್ಲಾಗಿದ್ರೆ ಇಷ್ಟೊತ್ತಿಗೆ ತಂದ್ಬುಡ್ತಿದ್ದ. ಈಗ ದೊಡ್ಡೋನಾಗ್ಬುಟ್ಟ ಕಣ್ಲಾ. ಅಂಗಿ ನೆನೆದ್ರೆ ಇಸ್ತ್ರಿ ಹೋಗ್ಬುಡ್ತದೆ.”

ಅವರಿಗೂ ಕೇಳಿಸಿತು. ನಾನೇ ಅವರ ಹತ್ತಿರ ಹೋಗಿ, “ಇಳೀರಿ, ಏನೂ ಆಗಲ್ಲ,” ಎಂದೆ.

“ಬರೀ ಕೈಯಾಗೆ ಎದ್ರೆ ಆ ಹೆಣ್ಮಗಳಿಗೆ ಏನ್ ಹೇಳ್ಲಿ?” ಎಂದರು.

ಎರಡು ದಿನ ಹಾಗೇ ನಿಂತಿದ್ದರು. ಮೂರನೆಯ ಬೆಳಿಗ್ಗೆ ದೇಹ ತಾನಾಗಿ ಮೇಲೆ ಬಂತು. ಹಾಗೆ ಬಂದ ದೇಹವನ್ನು ಹೆಂಡತಿಗೆ ತೋರಿಸಬಾರದು, ಆದರೆ ತೋರಿಸಿದರು. ಆ ಕೂಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಅದಕ್ಕೆ ಕಾರಣ ನಾನು ಎಂದು ಆವತ್ತು ನಂಬಿದೆ. ಅದಾದ ಮೇಲೆ ಇಂಥವರ ಹೆಂಡತಿ ಎಂದು ಹೇಳಿಕೊಳ್ಳುವುದು ತಾನಾಗಿಯೇ ಕಡಿಮೆಯಾಯಿತು.

ಐದು ವರ್ಷ ಮುಗಿಯುವ ಹೊತ್ತಿಗೆ ಪಕ್ಷದವರು ಮತ್ತೆ ಬಂದರು. ಈ ಸಲ ಗೆಲ್ಲುವುದು ಖಂಡಿತ, ನೀವು ಮನೆಯಲ್ಲೇ ಕೂತರೂ ಗೆಲ್ಲುತ್ತೀರಿ ಎಂದರು. ನಮ್ಮವರು ಕಾಫಿ ಕೊಟ್ಟು, ನಿಲ್ಲುವುದಿಲ್ಲ ಎಂದು ಹೇಳಿ ಕಳಿಸಿದರು. ಆರೋಗ್ಯ ಸರಿಯಿಲ್ಲ ಎಂದು ಪೇಪರಿನಲ್ಲಿ ಬಂತು. ಬಾಗಿಲ ಹಿಂದೆ ನಿಂತಿದ್ದ ನನಗೆ ಒಂದು ಕ್ಷಣ ಕಾರು, ಕುರ್ಚಿ, ಮಲ್ಲಿಗೆ ಎಲ್ಲ ಕಣ್ಣ ಮುಂದೆ ಹಾದುಹೋದವು. ಬಾಯಿ ಬಿಡಲಿಲ್ಲ. ನನ್ನ ಜನ್ಮದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು ಅದೊಂದು ಸಲ ಎಂದು ಅತ್ತೆ ಈಗಲೂ ಹೇಳುತ್ತಾರೆ.

ಹೊಸಬರು ಗೆದ್ದು ಕೋಟೆಗೆ ಹೋದ ವಾರವೇ ಅತ್ತೆ ನನ್ನನ್ನು ಕರೆದರು. “ಎದ್ದಾಯ್ತಲ್ಲ ಕುರ್ಚಿಯಿಂದ. ಕೇಳಿದೋಳು ನೀನು. ನೀನೇ ಹೋಗಿ, ಕೇಳಿದ್ದು ಬಿಟ್ವಿ, ತಪ್ಪಾಯ್ತು ಅಂತ ಹೇಳ್ಬುಟ್ಟು ಬಾ. ಕೈ ತೆರೀತದೋ ಇಲ್ವೋ, ಅದು ಆಮ್ಯಾಕೆ.”

ಮತ್ತೆ ಬಸ್ಸು ಹತ್ತಿದೆ. ಆ ತಾಯಿ ಜಗುಲಿಯ ಮೇಲೆ ಕೂತು ಗುಲಾಬಿ ಕಟ್ಟು ಕಟ್ಟುತ್ತಿದ್ದಳು. ವಯಸ್ಸಾಗಿತ್ತು, ಕನ್ನಡಕ ಬಂದಿತ್ತು. ನನ್ನನ್ನು ಗುರುತು ಹಿಡಿದಳು. ಈ ಸಲ ಚಾಪೆ ಹಾಸಲಿಲ್ಲ. ನಾನು ಅಂಗಳದಲ್ಲಿ ನಿಂತೇ ಹೇಳಿದೆ. ನಮ್ಮ ಮನೆಯ ಕಟ್ಟಳೆ ಇಂಥದ್ದು, ಅದಕ್ಕೇ ಆವತ್ತು ನಮ್ಮವರು ನಿಮ್ಮ ಬಾಗಿಲು ದಾಟಿ ಹೋದದ್ದು, ನಾನು ಕಳ್ಳತನದಿಂದ ಬಂದು ಕೇಳಿದೆ, ನಿಮ್ಮ ಓಟು ಪಡೆದೆ, ಅದರ ಮೇಲೆ ಅವರು ಐದು ವರ್ಷ ಕೂತರು, ಈಗ ಎದ್ದಿದ್ದಾರೆ, ಕೇಳಿದ್ದನ್ನು ಕೇಳಲಿಲ್ಲ ಎಂದುಕೊಳ್ಳಿ.

ಅವಳು ಮುಳ್ಳು ಸವರುತ್ತಿದ್ದ ಕೈಯನ್ನು ನಿಲ್ಲಿಸಿದಳು.

“ಬಾಗಿಲು ದಾಟಿ ಹೋದಾಗ್ಲೇ ನಮ್ಗೆ ಗೊತ್ತಾಯ್ತಮ್ಮ. ಬೆಸ್ತ್ರ ಕಟ್ಟಳೆ ಸೀಮೆಗೆಲ್ಲ ಗೊತ್ತಿರಾದೇ. ಅವ್ರು ಕೇಳ್ನಿಲ್ಲ ಅಂತ್ಲೇ ಮೊದ್ಲನೇ ಸಲ ಈ ಮನೇಲಿರೋ ಅಷ್ಟೂ ಜನ ಬಕೀಟಿಗೆ ಹಾಕುದ್ವಿ. ಊರೋರು ಹಾಕ್ನಿಲ್ಲ, ಅದುಕ್ಕೆ ನಾವೇನ್ ಮಾಡಾನ.”

ಬೂತಿನ ಲೆಕ್ಕದಲ್ಲಿ ನನಗೆ ಸಿಟ್ಟು ಬರಿಸಿದ ಆ ಬೆರಳೆಣಿಕೆ ಓಟು ಈ ಮನೆಯದೇ ಆಗಿತ್ತು. ನಾನು ಏನೋ ಹೇಳಲು ಹೋದೆ. ಅವಳು ಕೈ ಅಡ್ಡ ಮಾಡಿದಳು.

“ಎರಡನೇ ಸಲ ನೀನು ಬಂದೆ. ನನ್ ಮಗನ್ನ ಅವ್ರು ಸುಮ್ಕೆ ತಂದುಕೊಟ್ಟು ಹೋಗಿದ್ರು. ನೀನು ಬಂದು, ಓಟಿಗೋಸ್ಕರ, ಅವನ್ನ ಇನ್ನೊಂದ್ ಸಲ ಈ ಅಂಗಳದಾಗೆ ಮಲಗಿಸ್ದೆ. ಓಟಿನ ದಿನ ಈ ಮನೆಯಿಂದ ಒಬ್ರೂ ಬೂತ್ ಕಡೆ ತಲೆ ಹಾಕ್ನಿಲ್ಲ. ಊರೋರು ಪಕ್ಷ ನೋಡಿ ಹಾಕುದ್ರೋ ಏನೋ, ನಂಗೊತ್ತಿಲ್ಲ. ನಾವು ಯಾರ್ಗೂ ಹಾಕು ಅಂತ್ಲೂ ಅನ್ನಿಲ್ಲ. ನೀನು ವಾಪಸ್ ಕೊಡಾಕೆ ಇಲ್ಲೇನೂ ತಗೊಂಡಿಲ್ಲ ಕಣಮ್ಮ. ಹೋಗು.”

ಅಲ್ಲಿಂದ ಬಸ್ ಸ್ಟಾಪಿಗೆ ಹೇಗೆ ನಡೆದೆನೋ ನೆನಪಿಲ್ಲ. ಯಾರ ಕೈಯಲ್ಲೂ ಅಷ್ಟು ಸರಿಯಾಗಿ ಬೈಸಿಕೊಂಡಿರಲಿಲ್ಲ ನಾನು. ನಾಚಿಕೆ ಒಂದು ಕಡೆ. ಇನ್ನೊಂದು ಕಡೆ ಅದಕ್ಕಿಂತ ದೊಡ್ಡ ಸಂಕಟ. ಅವರು ಕೊಟ್ಟೇ ಇರಲಿಲ್ಲ ಎಂದ ಮೇಲೆ ನಮ್ಮವರು ಐದು ವರ್ಷ ಸುಮ್ಮನೆ ಕೈ ಕಟ್ಟಿಕೊಂಡಿದ್ದರು. ಆ ಎರಡು ದಿನ ಸುಮ್ಮನೆ ದಂಡೆಯ ಮೇಲೆ ನಿಂತಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು, ಅಥವಾ ಆ ಲಾರಿಯವನು ಮುಳುಗುವ ಮೊದಲೇ ಬಂದು ತಪ್ಪಾಯಿತು ಎಂದಿದ್ದರೂ ಸಾಕಿತ್ತು. ಬಸ್ಸಿನ ಕಿಟಕಿಗೆ ತಲೆ ಆನಿಸಿ, ಕಂಡಕ್ಟರ್ ಬಂದು ಏನಾಯ್ತಮ್ಮ ಎನ್ನುವವರೆಗೂ ಅಳುತ್ತಿದ್ದೆ.

ಮನೆಗೆ ಬಂದು ಅಮ್ಮ ಮಗ ಇಬ್ಬರ ಮುಂದೆಯೂ ಹೇಳಿದೆ. ಒಂದು ಮಾತನ್ನೂ ಮುಚ್ಚಿಡಲಿಲ್ಲ.

“ಒಬ್ರೂ ಹಾಕ್ಲಿಲ್ವಂತಾ?” ಎಂದು ನಮ್ಮವರು ಕೇಳಿದರು.

“ಒಬ್ರೂ.”

“ಒಂದೂ ಓಟಿಲ್ವಾ?”

“ಇಲ್ವಂತೆ.”

ಅವರ ಮುಖ ಅರಳಿತು. ಓಟು ಬೀಳಲಿಲ್ಲ ಎಂದು ಕೇಳಿ ಅಷ್ಟು ಸಂತೋಷಪಟ್ಟ ಎಂಎಲ್ಎ ಈ ದೇಶದಲ್ಲಿ ಇನ್ನೊಬ್ಬ ಇರಲಾರ. ಅತ್ತೆ ಬಹಳ ಹೊತ್ತು ಯೋಚಿಸಿದರು. ಕೊನೆಗೆ, “ಮೊದ್ಲನೇ ಸಲದ್ದು ಯಾರೂ ಕೇಳ್ನಿಲ್ಲ, ಸೋತ ಮ್ಯಾಕೆ ಅದ್ರಿಂದ ಏನೂ ಬರ್ನಿಲ್ಲ. ಎರಡನೇ ಸಲ ಕೇಳಿದ್ದು ಇವ್ಳು, ಕೊಡ್ದೆ ಇದ್ದಿದ್ದು ಅವ್ರು. ಇವ್ನ ಕೈಗೆ ಏನೂ ಬಂದಿಲ್ಲ. ಕೈ ಕೈಯಂಗೇ ಐತೆ,” ಎಂದರು. ನನ್ನ ಕಡೆ ತಿರುಗಿ, “ಆ ತಾಯಿ ನಿನ್ ಗಂಡನ್ನ ಉಳ್ಸುದ್ಲು ಕಣೆ,” ಎಂದು ಸೇರಿಸಿದರು.

ಎರಡು ತಿಂಗಳಾಗಿರಬೇಕು, ಫೋನು ಬಂತು. ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಉತ್ತರದ ಕಡೆಯವನೊಬ್ಬ, ಬೇಲಿಯ ಸಂದಿನಲ್ಲಿ ನುಸುಳಿ ಕ್ವಾರಿಗೆ ಇಳಿದಿದ್ದ. ನಾವು ಹೋದಾಗ ಮಧ್ಯಾಹ್ನ ಮೂರು ಗಂಟೆ. ನಮ್ಮವರು ಯಾರ ಹತ್ತಿರವೂ ಮಾತಾಡಲಿಲ್ಲ. ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, ನೀರಿನ ಸುತ್ತ ಒಂದು ಸಲ ನಡೆದು, ಒಂದು ಕಡೆ ನಿಂತು, ಇಳಿದರು. ಮೈ ಸಣಕಲಾಗಿತ್ತು, ಎದೆಯ ಕೂದಲು ಬೆಳ್ಳಗಾಗಿತ್ತು. ಮೊದಲ ಸಲ ಎದ್ದಾಗ ಕೆಮ್ಮಿದರು. ಎರಡನೆಯ ಸಲ ಬಹಳ ಹೊತ್ತು ಬರಲಿಲ್ಲ. ನಾನು ಆ ಅಂಗಿಯನ್ನು ಹಿಂಡಿ ಹಿಂಡಿ ಮುದ್ದೆ ಮಾಡಿದ್ದೆ. ಆಮೇಲೆ ನೀರು ಅಲುಗಿತು. ಅವರೊಬ್ಬರೇ ಬರಲಿಲ್ಲ, ಅವನನ್ನೂ ತಂದರು.

ಸತ್ತವನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ನನ್ನ ಪಕ್ಕದಲ್ಲಿ ನಿಂತು ಅಳುತ್ತಿದ್ದ. ಈ ಊರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ ಪಾಪ. ಅರೆಬರೆ ತಮಿಳಿನಲ್ಲಿ, ಅವರು ಯಾರು ಎಂದು ನನ್ನನ್ನು ಕೇಳಿದ.

“ಮೀನು ಹಿಡಿಯೋರು ಕಣಪ್ಪ,” ಎಂದೆ.